ಗುಡ್ಡದ ರೂಮಿನ ಕಡೆಯ ಟೆಸ್ಟಿಂಗ್

ನನ್ನ ಬಾಯಿ ಜೋರು ಅಂತ ಗೋಕಾಕದ ನಮ್ಮ ಪುಟ್ಟ ರೇಡಿಯೋದಲ್ಲಿ ಎಲ್ಲರಿಗೂ ಗೊತ್ತು. ಮೈಕಿನ ಮುಂದೆ ಮಾತ್ರ ಬೆಣ್ಣೆ. ಆ ಬಾಯಿಯನ್ನು ಮೂರು ವರ್ಷ ತಡೆದುಕೊಂಡವನು ಮಲ್ಲೇಶ ಒಬ್ಬನೇ. ಅವನಿದ್ದದ್ದು ಕೊಣ್ಣೂರಿನ ಆಚೆ ಗುಡ್ಡದ ಮೇಲೆ, ಟವರಿನ ಬುಡದ ರೂಮಿನಲ್ಲಿ. ನನ್ನ ದನಿ ಒಡೆದರೆ ನಾನು ಇಂಟರ್‌ಕಾಮಿನಲ್ಲಿ ಬೈಯುತ್ತಿದ್ದೆ, ಅವನು ಅಲ್ಲಿ ಗುಂಡಿ ತಿರುಗಿಸಿ ಸರಿ ಮಾಡುತ್ತಿದ್ದ. ಆಮೇಲೆ ಚಹಾ ಆಯಿತೇ ಅಂತ ಕೇಳುತ್ತಿದ್ದ. ಪಗಾರದ ದಿನ ಎದುರಿಗೆ ಸಿಕ್ಕರೆ ತನ್ನ ಚಪ್ಪಲಿ ನೋಡುತ್ತ ನಿಲ್ಲುತ್ತಿದ್ದ.

2008ರಲ್ಲಿ ಬೆಳಗಾವಿಯಿಂದ ಒಬ್ಬ ಇಂಜಿನಿಯರ್ ಬಂದು ಹೊಸ ವ್ಯವಸ್ಥೆ ಕೂಡಿಸಿ ಹೋದ. ಇನ್ನು ನಾನು ಸ್ಟುಡಿಯೋದ ಕಂಪ್ಯೂಟರಿನಲ್ಲಿ ಕೀಲಿ ಒತ್ತಿದರೆ ಸಾಕು. ಆಜ್ಞೆ ನೆಟ್‌ವರ್ಕಿನಲ್ಲಿ ಗುಡ್ಡಕ್ಕೆ ಹೋಗಿ, ಅಲ್ಲಿಟ್ಟ ಡಬ್ಬಿಯಿಂದ ಸೀರಿಯಲ್ ಕೇಬಲ್ ಅನ್ನುವ ತಂತಿಯ ಮೂಲಕ ಪ್ರಸಾರದ ಯಂತ್ರ ಮುಟ್ಟಿ, ದನಿ ತಾನೇ ಏರಿಳಿಯುತ್ತದೆ. ಟೆಸ್ಟಿಂಗ್ ಮುಗಿದರೆ ಗುಡ್ಡದ ರೂಮಿಗೆ ಬೀಗ, ಇಂಟರ್‌ಕಾಮು ಬಂದ್, ಮಲ್ಲೇಶ ಹುಕ್ಕೇರಿಗೆ, ಅಣ್ಣನ ಮೋಟಾರು ರಿಪೇರಿ ಅಂಗಡಿಗೆ. ಟೆಸ್ಟಿಂಗಿನ ದಿನ ಬೆಳಿಗ್ಗೆ ರೊಟ್ಟಿ ಅರ್ಧಕ್ಕೇ ಬಿಟ್ಟೆದ್ದೆ. ಯಾಕೆ ಅಂತ ಕೇಳಿದ ಅವ್ವನಿಗೂ ಬೈದೆ.

ಮಧ್ಯಾಹ್ನ ಪ್ರಸಾರವಿಲ್ಲದ ಹೊತ್ತಿನಲ್ಲಿ ಟೆಸ್ಟಿಂಗ್ ಶುರುವಾಯಿತು. ದನಿ ಏರಿಸುವ ಕೀಲಿ ಒತ್ತಿ ಇಂಟರ್‌ಕಾಮಿನಲ್ಲಿ ಕೇಳಿದೆ, "ಮೀಟರಿನ ಮುಳ್ಳು ಏರಿತೇನ್ರಿ?"

"ಇಲ್ರಿ. ಇದ್ದಲ್ಲೇ ಐತಿ."

ಪರದೆಯ ಮೂಲೆಯಲ್ಲಿ ಹಸಿರು ಪಟ್ಟಿ ಏರಿತ್ತು. ಯಂತ್ರ ತಾನು ಮಾಡಿದ್ದನ್ನು ತಿರುಗಿ ನಿಮಗೆ ತೋರಿಸುತ್ತದೆ ಅಂತ ಇಂಜಿನಿಯರ್ ನನಗೆ ಹೇಳಿದ್ದ. ಇಳಿಸುವ ಕೀಲಿ ಒತ್ತಿದೆ. ಪಟ್ಟಿ ಇಳಿಯಿತು.

"ಇಳೀತೇನ್ರಿ?"

"ಇಳದಿಲ್ ನೋಡ್ರಿ. ಹಟಾ ಹಿಡದೈತಿ."

ಹಟ ಹಿಡಿದವರು ಯಾರು ಅಂತ ಆಗ ತಿಳಿಯಿತು. ಕಳ್ಳ. ಪಟ್ಟಿಯ ಸುದ್ದಿ ಗುಡ್ಡದವನಿಗೆ ಯಾರೂ ಹೇಳಿರಲಿಲ್ಲ.

ರೇಡಿಯೋ ನಡೆಸುವ ಧರಣೇಂದ್ರ ಕಾಕಾ ಬಾಗಿಲಲ್ಲಿ ಇಣುಕಿದರು. "ಆತೇನವಾ ಭಾಗ್ಯಾ?"

"ಇಲ್ರಿ ಕಾಕಾ. ಕೇಬಲ್ ಸರಿ ಕೂಡಿಲ್ಲ ಕಾಣಸ್ತೈತಿ," ಅಂದೆ. ನನ್ನ ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ.

ಪ್ಲಗ್ ತೆಗೆದು ಹಾಕುತ್ತೇನೆ ತಡೀರಿ ಅನ್ನುತ್ತ ಮಲ್ಲೇಶ ತನ್ನ ಅವ್ವನ ಮೊಣಕಾಲು ನೋವು, ಕೊಣ್ಣೂರಿನ ಕಬ್ಬಿನ ಗಾಡಿಗಳು, ಎಲ್ಲ ಹೇಳಿದ. ನಾನು ಕೀಲಿ ಒತ್ತುತ್ತ ಕೇಳುತ್ತಿದ್ದೆ. ಅಷ್ಟು ಸುಖದ ಮಧ್ಯಾಹ್ನ ನನಗೆ ನೆನಪಿಲ್ಲ.

ಸಂಜೆ ಕಾಕಾ ಮತ್ತೆ ಬಂದರು. ಅವರು ಜೈನರು, ಕತ್ತಲಾದ ಮೇಲೆ ಉಣ್ಣುವವರಲ್ಲ. "ಹೊತ್ತು ಮುಳಗೂದ್ರೊಳಗ ನಾ ಊಟಾ ಮಾಡಬೇಕವಾ. ನಿಮ್ಮ ಕೈಲೆ ಆಗದಿದ್ರ ಆ ಇಂಜಿನಿಯರಗ ಫೋನ್ ಹಚ್ಚತೇನಿ," ಅಂದು ಒಳಗೆ ಹೋದರು.

ಇಂಜಿನಿಯರ್ ಬಂದರೆ ಒಂದೇ ನೋಟಕ್ಕೆ ಎಲ್ಲ ಬಯಲು. ಮಲ್ಲೇಶನ ಮರ್ಯಾದೆ ಹೋಗುತ್ತದೆ. ಇಂಟರ್‌ಕಾಮ್ ಎತ್ತಿದೆ.

"ಮಲ್ಲೇಶ್ರ, ಇಲ್ಲಿ ಪರದೆ ಮ್ಯಾಲ ಎಲ್ಲಾ ಕಾಣಸ್ತೈತ್ರಿ. ಆ ಮುಳ್ಳು ಮಧ್ಯಾನದಿಂದ ಏರಾಕತ್ತೈತಿ, ಇಳ್ಯಾಕತ್ತೈತಿ."

ಅವನು ಸಣ್ಣಗೆ ಕೇಳಿದ, "ಮೊದಲಿಂದನೂ ಗೊತ್ತಿತ್ತೇನ್ರಿ?"

"ಗೊತ್ತಿತ್ರಿ."

"ಮತ್ತ ಕಾಕಾಗ ಯಾಕ ಹೇಳ್ಲಿಲ್ರಿ?"

ಅಳು ಬಂತು, ಅಳು ಬಂದದ್ದಕ್ಕೆ ಸಿಟ್ಟೂ ಬಂತು. "ನಾಳಿ ಯಾರಿಗೆ ಬೈಲ್ರಿ ನಾ? ನಿಮ್ಮ ದನಿ ಕೇಳದ ನನಗ ದಿನಾ ಹೋಗೂದಿಲ್ಲ. ಐತವಾರ ನಿಮ್ಮ ಅವ್ವಾರನ ಕರಕೊಂಡ ನಮ್ಮ ಮನಿಗೆ ಬರ್ರಿ. ಅಪ್ಪ ಮನ್ಯಾಗ ಇರ್ತಾರ. ಬಂದು ಚಪ್ಪಲಿ ನೋಡ್ಕೋತ ನಿಂದರಬ್ಯಾಡ್ರಿ ಮತ್ತ."

"ಅವ್ವಗ ಹೋದ ವರ್ಷನ ಹೇಳೇನ್ರಿ," ಅಂದ ಮಲ್ಲೇಶ. "ನಿಮ್ಮ ಬಾಯಿಗೆ ಅಂಜಿ ಸುಮ್ಮ ಕುಂತಿದ್ದೆ."

ಕಾಕಾ ಫೋನಿನ ಕಡೆ ಹೊರಟಿದ್ದರು. ಕಣ್ಣೊರೆಸಿಕೊಂಡು ಕೂಗಿ ಕರೆದೆ. ಅವರ ಮುಂದೆಯೇ ಕೀಲಿ ಒತ್ತಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದೆ, "ಏರಿತೇನ್ರಿ?"

"ಏರಿತ್ರಿ," ಅಂದ.

ಕಾಕಾ ಊಟಕ್ಕೆ ಹೋದರು.