ಪೋವಾನ ತೋರುಬೆರಳು

ಆ ಬೆಳಿಗ್ಗೆ ನಾನು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಬಾಗಿಲ ಬಳಿ ತಗಡಿನ ಮಗ್ಗು ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ನನ್ನ ಮಾವ ಹೊಸ್ತಿಲಲ್ಲಿ ನಿಂತಿದ್ದರು. ಚಹಾ ಹಲಗೆಯ ಮೇಲೆಲ್ಲ ಹರಿದಿತ್ತು.

ಅವರ ಹೆಸರು ತಿಯೋನಿ. ನಮ್ಮಲ್ಲಿ ತಾತನಿಗೆ ಪೋವಾ ಎನ್ನುತ್ತೇವೆ. ನನ್ನ ಮಗಳು ರೀಪೆಕಾ ಹುಟ್ಟಿದ ಮೇಲೆ ಮನೆಮಂದಿಗೆಲ್ಲ ಅವರು ಪೋವಾ ಆಗಿಬಿಟ್ಟರು.

"ಮಗ್ಗು ಬಿಸಿ ಇತ್ತು, ಕೈ ಜಾರ್ತು," ಎಂದರು ಪೋವಾ.

ಮಗ್ಗು ಬಿಸಿ ಇರಲಿಲ್ಲ. ಹಿಟ್ಟಿನ ಕೈಯಲ್ಲೇ ನಾನು ಅದನ್ನು ಎತ್ತಿಕೊಂಡೆ. ಆಗ ಅವರ ಬಲಗೈ ಕಣ್ಣಿಗೆ ಬಿತ್ತು. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಚರ್ಮ ಸೀಳಿತ್ತು. ಸೀಳಿನ ಅಂಚು ಬೆಳ್ಳಗೆ, ಒಣಗಿದ ತೊಗಲಿನಂತೆ ಗಟ್ಟಿಯಾಗಿತ್ತು. ಒಳಗೆ ಕೆಂಪಗೆ ಹಸಿ ಮಾಂಸ.

ರೀಪೆಕಾ ಕೂಡ ನೋಡಿದಳು. "ಪೋವಾ, ನಿಂಗೆ..." ಎಂದು ಬಾಯಿ ತೆರೆದಳು.

ಪೋವಾ ಕೈಯನ್ನು ಉಣ್ಣೆಯಂಗಿಯ ತೋಳಿನೊಳಗೆ ಎಳೆದುಕೊಂಡರು. "ಏನಮ್ಮ, ಬಕೆಟ್ ತೊಳೆದಾಯ್ತಾ? ಸೂರ್ಯ ಆಕಾಶಕ್ಕೆ ಏರಿ ನಿನ್ನ ಕೇಳ್ತಾ ಇದ್ದಾನೆ."

ಅವಳು ಬಾಯಿ ಮುಚ್ಚಿಕೊಂಡು ಬಕೆಟ್ ತೊಳೆಯಲು ಹೋದಳು.

ಭೂಮಿಯ ದಕ್ಷಿಣದಲ್ಲಿರುವ ನಮ್ಮ ನಾಡಿನಲ್ಲಿ ಏಪ್ರಿಲ್ ಬಂದು ಚಳಿ ಹಿಡಿಯಿತೆಂದರೆ ನಾವು ನಮ್ಮೂರು ಬ್ಲಫ್‌ನಲ್ಲಿ ದೋಣಿ ಹತ್ತಿ, ನೆಲದ ಬಿಲದಲ್ಲಿ ಮರಿ ಮಾಡುವ ಟೀಟೀ ಎಂಬ ಕಡಲಹಕ್ಕಿಯ ದ್ವೀಪಕ್ಕೆ ಬರುತ್ತೇವೆ. ಪೋವಾನ ಅಜ್ಜಿಯ ಕಾಲದಿಂದಲೂ ಇದೇ ಗುಡಿಸಲು, ಇದೇ ಕಾಡು. ಹಗಲು ನೆಲದಲ್ಲಿ ಮಲಗಿ ಬಿಲದೊಳಗೆ ಭುಜದವರೆಗೆ ಕೈ ಹಾಕಿ ಮರಿ ಹಿಡಿಯಬೇಕು. ಆಮೇಲೆ ರೆಕ್ಕೆಪುಕ್ಕ ಕೀಳಬೇಕು, ಬಿಸಿನೀರಿನಲ್ಲಿ ಅದ್ದಿ ತುಪ್ಪಳ ಉಜ್ಜಬೇಕು, ವರ್ಷವಿಡೀ ಊಟಕ್ಕಾಗುವಂತೆ ಸೀಳಿ ಉಪ್ಪು ತಿಕ್ಕಿ ಬಕೆಟ್‌ಗೆ ತುಂಬಬೇಕು. ಎಲ್ಲಕ್ಕೂ ಕೈಯೇ ಬೇಕು. ಋತು ಮುಗಿಯುವ ಹೊತ್ತಿಗೆ ದ್ವೀಪದಲ್ಲಿ ಕೈ ಒಡೆಯದವರು ಸಿಗುವುದಿಲ್ಲ.

ಆದರೆ ನಮ್ಮ ಮನೆಯಲ್ಲಿ ಅದರ ಮಾತು ಆಡುವ ಹಾಗಿಲ್ಲ. ಪೋವಾ ಹಾಕಿಟ್ಟ ನಿಯಮ ಅದು. ದ್ವೀಪಕ್ಕೆ ಕಾಲಿಟ್ಟ ಮೇಲೆ ನೋವಿನ ಸುದ್ದಿ ಎತ್ತಬಾರದು. ಹೇಳಲೂಬಾರದು, ಕೇಳಲೂಬಾರದು. ಒಬ್ಬರು ಬೆನ್ನು ನೋವು ಅಂದರೆ ಇನ್ನೊಬ್ಬರ ಮಂಡಿ ಶುರುವಾಗುತ್ತದೆ, ಸಂಜೆಗೆ ಕೆಲಸ ನಿಂತಿರುತ್ತದೆ ಎನ್ನುತ್ತಿದ್ದರು.

ಆ ವರ್ಷ ರೀಪೆಕಾಳಿಗೆ ಬಿಲ ಕಲಿಸುವುದಿತ್ತು. ನಮ್ಮ ಮನೆಯಲ್ಲಿ ಅದಕ್ಕೊಂದು ರೀತಿ ಇದೆ. ಮೊದಲು ಒಳಗೆ ಹೋಗುವುದು ಹಿರಿಯರ ಕೈ. ಆ ಕೈಯ ಮೇಲೆ ಮಗುವಿನ ಕೈ. ಬೇರು ಯಾವುದು, ಕಲ್ಲು ಯಾವುದು, ಬೆಚ್ಚಗಿನ ಮರಿ ಯಾವುದು ಎಂದು ಹಿರಿಯರ ತೋರುಬೆರಳು ಮಗುವಿನ ಬೆರಳಿಗೆ ತೋರಿಸಿಕೊಡುತ್ತದೆ. ಪೋವಾನಿಗೆ ಹಾಗೆ ಕಲಿಸಿದ್ದು ಅವರ ಅಜ್ಜಿ. ನನ್ನ ಗಂಡ ರಾವಿರಿಗೆ ಕಲಿಸಿದ್ದು ಪೋವಾ. ರಾವಿರಿ ತಾನೇ ಮಗಳಿಗೆ ಕಲಿಸಬಹುದಿತ್ತು. "ಅಪ್ಪನ ಬೆರಳಿಗೆ ಇರೋ ಬುದ್ಧಿ ನನ್ನ ತಲೆಗೂ ಇಲ್ಲ," ಎಂದು ಬಿಟ್ಟುಕೊಟ್ಟಿದ್ದ.

"ಗಾಳಿ ನಿಲ್ಲಲಿ, ಕರ್ಕೊಂಡು ಹೋಗ್ತೀನಿ," ಎಂದು ಪೋವಾ ಅವಳಿಗೆ ಮಾತು ಕೊಟ್ಟಿದ್ದರು.

ಮೊಯ್ರಾ ರಾವಿರಿಯ ದೊಡ್ಡಪ್ಪನ ಮಗಳು. ಊರಿನಲ್ಲಿ ಚಿಕಿತ್ಸಾಲಯದ ನರ್ಸು, ಋತುವಿನಲ್ಲಿ ಪಕ್ಕದ ಗುಡಿಸಲಿನವಳು. ಅವತ್ತು ಪುಕ್ಕ ಕೀಳುವಾಗ ನನ್ನ ಪಕ್ಕ ಕೂತಿದ್ದಳು. ಪೋವಾ ಮೇಜಿನ ತುದಿಯಲ್ಲಿ ಬರಿಗೈಯಲ್ಲಿ ಉಪ್ಪು ತಿಕ್ಕುತ್ತಿದ್ದರು. ಒಂದೊಂದು ಹಕ್ಕಿಗೂ ಅವರ ದವಡೆ ಬಿಗಿಯುತ್ತಿತ್ತು. ಅವಳು ಎದ್ದು ಹೋಗಿ ಕೈ ಹಿಡಿದುಕೊಂಡಳು.

"ಚಿಕ್ಕಪ್ಪ, ಇದೇನು ಕೈಯಾ, ಒಡೆದ ಗದ್ದೆಯಾ?"

"ಬಿಡೇ. ಕೆಲ್ಸ ಮಾಡೋರ ಕೈ ಹೀಗೇ ಇರೋದು. ನಿನ್ನ ಹಾಗೆ ಸೂಜಿ ಹಿಡ್ಕೊಂಡು ಕೂತಿದ್ರೆ ನಂದೂ ಬೆಣ್ಣೆ ಥರ ಇರ್ತಿತ್ತು."

"ನಾನು ದಿನಕ್ಕೆ ಎಷ್ಟು ಸಲ ಕೈ ತೊಳೀತೀನಿ ಗೊತ್ತಾ? ನಂದೂ ಒಡೀತಿತ್ತು. ನೋಡ್ಕೊಂಡೆ, ನಿಂತುಹೋಯ್ತು. ಈ ಉಪ್ಪು ಮೊದಲು ಬಿಡಿ."

"ಉಪ್ಪು ಗಾಯ ಒಣಗಿಸುತ್ತೆ ಕಣೇ. ನಮ್ಮಜ್ಜಿ ಹೇಳೋರು."

"ಒಣಗಿಸುತ್ತೆ, ಅದೇ ತೊಂದ್ರೆ. ಒಣಗಿ ಒಣಗಿನೇ ಸೀಳಿರೋದು. ಚರ್ಮಕ್ಕೂ ಒಂದು ಜಿಡ್ಡು ಇರುತ್ತೆ ಚಿಕ್ಕಪ್ಪ. ಅದೇ ಅದರ ಕಾವಲು. ನೀವು ಉಪ್ಪು ತಿಕ್ತೀರಿ, ಪಾತ್ರೆ ಸೋಪಲ್ಲಿ ಉಜ್ಜುತೀರಿ, ಚಳಿ ಅಂತ ಹಕ್ಕಿ ಅದ್ದೋ ಬಿಸಿನೀರಲ್ಲೇ ಕೈ ಇಡ್ತೀರಿ. ಜಿಡ್ಡೆಲ್ಲ ಹೋಯ್ತು. ಹಸಿ ಕೈಯಲ್ಲೇ ಹೊರಗೆ ಗಾಳಿಗೆ ಹೋಗ್ತೀರಿ. ಇನ್ನೇನಾಗುತ್ತೆ?"

ಅದು ನಿಜ. ಬಿಲದಿಂದ ಬಂದವರೆಲ್ಲ ಮರಗಟ್ಟಿದ ಕೈಯನ್ನು ಹಕ್ಕಿ ಅದ್ದುವ ಬಿಸಿನೀರಿನ ಹಂಡೆಗೆ ಅದ್ದುತ್ತಿದ್ದರು. ಹಿತವಾಗಿರುತ್ತಿತ್ತು.

"ಜಿಡ್ಡಿಗೆ ಹಕ್ಕಿ ಕೊಬ್ಬಿನ ಎಣ್ಣೆ ಇದೆಯಲ್ಲ," ಎಂದರು ಪೋವಾ.

"ಇದೆ, ಎಲ್ಲಿದೆ? ಬಾಟ್ಲಿಗೆ ತುಂಬಿ ಊರಿನ ನೆಂಟರಿಗೆಲ್ಲ ಕಳಿಸ್ತೀರಿ, ಅವರು ಮಂಡಿಗೆ ಹಚ್ಕೊಂಡು ನಿಮ್ಮನ್ನ ಹೊಗಳ್ತಾರೆ. ನಿಮ್ಮ ಕೈಗೆ ಒಂದು ಹನಿ ಬಿದ್ದಿದ್ದು ನಾನು ನೋಡಿಲ್ಲ. ಈಗ ಆ ಎಣ್ಣೆನೂ ಬೇಡ. ಹಸಿ ಸೀಳಿಗೆ ಶುದ್ಧವಾದದ್ದೇ ಬೇಕು."

ಅವಳು ತನ್ನ ಗುಡಿಸಲಿಗೆ ಹೋಗಿ ವ್ಯಾಸಲೀನಿನಂಥ ಗಟ್ಟಿ ಮುಲಾಮಿನ ಡಬ್ಬಿ, ಅಂಟುಪಟ್ಟಿ, ಹತ್ತಿಯ ಗ್ಲೌಸು ತಂದಳು. ಕುಡಿಯುವ ನೀರನ್ನು ಉಗುರುಬೆಚ್ಚಗೆ ಕಾಯಿಸಿ ಅವರ ಕೈ ತೊಳೆದಳು. ಉಜ್ಜದೆ ಒತ್ತಿ ಒತ್ತಿ ಒರೆಸಿದಳು. ಕೈಯಲ್ಲಿ ಇನ್ನೂ ತುಸು ತೇವ ಇರುವಾಗಲೇ ಮುಲಾಮು ಹಚ್ಚಿದಳು. ಸೀಳಿನ ಮೇಲೆ ಪಟ್ಟಿ ಸುತ್ತಿದಳು.

"ಪ್ರತಿ ಸಲ ಕೈ ತೊಳೆದ ಮೇಲೂ ಹಚ್ಚಿ. ಮಲಗುವಾಗ ದಪ್ಪಗೆ ಹಚ್ಚಿ ಈ ಹತ್ತಿ ಗ್ಲೌಸು ಹಾಕ್ಕೊಳ್ಳಿ. ಕೆಲಸಕ್ಕೆ ಒಳಗೆ ಹತ್ತಿದು, ಮೇಲೆ ರಬ್ಬರಿಂದು. ಸೀಳು ಮುಚ್ಚೋವರೆಗೂ ಬಿಲಕ್ಕೆ ಕೈ ಹಾಕಬೇಡಿ. ಹಕ್ಕಿ ಹೊಲಸು, ಮಣ್ಣು, ಎಲ್ಲ ಆ ಸೀಳಲ್ಲಿ ಒಳಗೆ ಹೋಗುತ್ತೆ."

"ಗ್ಲೌಸು ಹಾಕ್ಕೊಂಡು ಉಪ್ಪು ತಿಕ್ಕೋದಾ? ಎಷ್ಟು ಬಿತ್ತು ಅಂತ ಅಂಗೈಗೆ ಹೇಗೆ ತಿಳಿಯುತ್ತೆ? ಕಂಬಳಿ ಹೊದ್ದು ಸ್ನಾನ ಮಾಡು ಅಂತೀಯಲ್ಲೇ."

ಎಲ್ಲರೂ ನಕ್ಕರು. ಮೊಯ್ರಾಳೂ ನಕ್ಕಳು. "ಬೆರಳು ಊದಿದ್ರೆ, ಕೀವು ಬಂದ್ರೆ, ಕೆಂಪು ಮೇಲಕ್ಕೆ ಹತ್ತಿದ್ರೆ ಆ ಕ್ಷಣ ನಂಗೆ ಹೇಳ್ಬೇಕು. ನಿಮ್ಮ ನಿಯಮ ಪಿಯಮ ಆಮೇಲೆ."

"ಆಗಲಿ ಡಾಕ್ಟ್ರಮ್ಮ," ಎಂದರು ಪೋವಾ.

ಅವಳು ಅತ್ತ ಹೋಗುತ್ತಲೇ ಪಟ್ಟಿ ಬಿಚ್ಚಿದರು. ಪಟ್ಟಿ ಇದ್ದರೆ ಬೆರಳು ಕುರುಡು ಎಂದರು. ಹತ್ತಿಯ ಗ್ಲೌಸನ್ನು ಗೂಟಕ್ಕೆ ನೇತು ಹಾಕಿದರು. ಕಿರುಗುಟ್ಟುತ್ತಿದ್ದ ನಮ್ಮ ಗುಡಿಸಲಿನ ಬಾಗಿಲಿಗೆ ಆ ಮುಲಾಮನ್ನು ಚೆನ್ನಾಗಿ ಬಳಿದರು. ಬಾಗಿಲು ಸದ್ದು ನಿಲ್ಲಿಸಿತು. "ನೋಡು, ಮೊಯ್ರಾಳ ಔಷಧಿ ಒಳ್ಳೇದೇ," ಎಂದು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು.

ಆಮೇಲೆ ದಿನಾ ಗಾಳಿಯಲ್ಲೇ ಒಬ್ಬರೇ ಬಿಲಕ್ಕೆ ಹೋದರು. ಊಟಕ್ಕೆ ಎಡಗೈಯಲ್ಲಿ ಚಮಚ ಹಿಡಿಯತೊಡಗಿದರು. ಬಲಗೈ ಯಾವಾಗಲೂ ಜೇಬಿನಲ್ಲಿ, ಇಲ್ಲವೇ ತೋಳಿನೊಳಗೆ. ರೀಪೆಕಾ ಅವರ ಎದುರು ಕೂತು ಆ ತೋಳನ್ನೇ ನೋಡುತ್ತಿದ್ದಳು. ನಿಯಮ ಅವಳಿಗೂ ಗೊತ್ತಿತ್ತು. ಯಾರೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಪೋವಾ ಒಲೆಯ ಮುಂದೆ ಕೂತು ನಡುಗುತ್ತಿದ್ದರು. ಮುಖ ಕೆಂಪಾಗಿತ್ತು. ರಾವಿರಿ ಹೋಗಿ ಮೊಯ್ರಾಳನ್ನು ಕರೆತಂದ. ಅವಳು ತೋಳು ಮೇಲಕ್ಕೆ ಸರಿಸಿದಳು. ಬೆರಳು ಕಪ್ಪುಗೆಂಪಾಗಿ ಊದಿತ್ತು, ಉಗುರಿನ ಬುಡದಲ್ಲಿ ಕೀವು. ಮಣಿಕಟ್ಟಿನಿಂದ ಮೊಣಕೈ ಕಡೆಗೆ ಒಂದು ಕೆಂಪು ಗೆರೆ ಹತ್ತಿತ್ತು.

"ಯಾವಾಗಿಂದ?" ಎಂದಳು.

ಪೋವಾ ಅಂಗಿಯ ತೋಳನ್ನು ಮತ್ತೆ ಕೆಳಗೆಳೆಯಲು ಹೋದರು.

"ವೈರ್‌ಲೆಸ್ ಹಾಕು ರಾವಿರಿ, ಹೆಲಿಕಾಪ್ಟರ್ ಕರಿ. ಈಗಲೇ."

ರಾವಿರಿ ಕರೆದ. ಆದರೆ ದಕ್ಷಿಣದ ಗಾಳಿ ಎದ್ದಿತ್ತು, ಮೋಡ ಕಾಡಿನ ಮೇಲೇ ಕೂತಿತ್ತು. ಹೆಲಿಕಾಪ್ಟರಿಗೆ ಅವತ್ತು ಬರಲಾಗಲಿಲ್ಲ. ಮೊಯ್ರಾ ತನ್ನ ಪೆಟ್ಟಿಗೆಯಲ್ಲಿದ್ದ ಮಾತ್ರೆಯನ್ನು, ವೈರ್‌ಲೆಸ್‌ನಲ್ಲೇ ಆಸ್ಪತ್ರೆಯವರನ್ನು ಕೇಳಿಕೊಂಡು, ಕೊಟ್ಟಳು. ಕೆಂಪು ಗೆರೆಯ ತುದಿಗೆ ಪೆನ್ನಿನಲ್ಲಿ ಗುರುತು ಹಾಕಿದಳು. ಬೆಳಗಾಗುವ ಹೊತ್ತಿಗೆ ಗೆರೆ ಆ ಗುರುತನ್ನು ದಾಟಿತ್ತು.

ಗಾಳಿ ಇಳಿದಾಗ ಹೆಲಿಕಾಪ್ಟರ್ ಬಂತು. ಪೋವಾನನ್ನು ಹತ್ತಿಸುವಾಗ ರೀಪೆಕಾ ಬಂಡೆಯ ಮೇಲೆ ನಿಂತು ಏನೋ ಹೇಳಲು ಬಾಯಿ ತೆರೆದಳು. ರೆಕ್ಕೆಯ ಅಬ್ಬರದಲ್ಲಿ ಏನೂ ಕೇಳುವಂತಿರಲಿಲ್ಲ. ಅವಳು ಹೇಳಲೂ ಇಲ್ಲ.

ಡಾಕ್ಟರು ಕೈ ಉಳಿಸಿದರು. ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ತೆಗೆಯಬೇಕಾಯಿತು.

ನಾವು ದ್ವೀಪದಿಂದ ಮರಳಿದ ಮೇಲೆ ಮೊಯ್ರಾ ಬ್ಲಫ್‌ನ ಮನೆಗೆ ಬಂದು ಪಟ್ಟಿ ಬದಲಿಸುತ್ತಿದ್ದಳು. ಪೋವಾ ಅಡುಗೆಮನೆಯ ಕಿಟಕಿಯ ಹತ್ತಿರ ಕೂತು ಸಮುದ್ರ ನೋಡುತ್ತಿದ್ದರು. ಒಮ್ಮೆ ತಾವಾಗಿಯೇ ಮಾತೆತ್ತಿದರು.

"ಉಪ್ಪು ಹಾಕಿದ್ರೆ ಕೆಡಲ್ಲ ಅಂದ್ಕೊಂಡಿದ್ದೆ ಮೊಯ್ರಾ. ಸತ್ತ ಹಕ್ಕಿ ಲೆಕ್ಕ ಹಿಡಿದು ನನ್ನ ಬೆರಳಿಗೂ ಹಾಕ್ಬಿಟ್ಟೆ."

"ಆಗಿದ್ದು ಆಯ್ತು ಚಿಕ್ಕಪ್ಪ."

"ಆಗ್ಲಿಲ್ಲ ಕಣೇ. ಬಿಲದಲ್ಲಿ ಅಜ್ಜಿಯ ಬೆರಳು ದಾರಿ ತೋರಿಸಿದ್ದು ಈ ಬೆರಳಿಗೇ. ಮಗುಗೆ ಕೊಡ್ಬೇಕಿತ್ತು. ಒಂದು ಡಬ್ಬಿ ಮುಲಾಮನ್ನ ಬಾಗ್ಲಿಗೆ ಹಚ್ಚಿ ಕೂತ್ಕೊಂಡೆನಲ್ಲ."

ಮೊಯ್ರಾ ಪಟ್ಟಿ ಸುತ್ತುವುದನ್ನು ನಿಲ್ಲಿಸಿದಳು. ನಾನು ತೊಳೆದ ಬಟ್ಟಲನ್ನೇ ಮತ್ತೆ ತೊಳೆದೆ.

"ಮಿಕ್ಕಿರೋ ಬೆರಳಿಗೆ ಏನು ಮಾಡ್ಬೇಕು, ಇನ್ನೊಂದ್ಸಲ ಹೇಳು," ಎಂದರು ಪೋವಾ. "ಈ ಸಲ ಕೇಳಿಸ್ಕೊಳ್ತೀನಿ."

ಅವಳು ಮತ್ತೆ ಹೇಳಿದಳು. ಅವರು ಒಂದೊಂದನ್ನೂ ತಿರುಗಿ ಹೇಳಿ ಒಪ್ಪಿಸಿದರು.

ಈ ವರ್ಷ ನಮ್ಮ ಗುಡಿಸಲಿನಲ್ಲಿ ಹಂಡೆಗೆ ಕೈ ಅದ್ದುವವರಿಲ್ಲ. ಬಾಗಿಲ ಪಕ್ಕ ಉಗುರುಬೆಚ್ಚಗಿನ ನೀರು, ಮೆದು ಸೋಪು, ಒಣ ಬಟ್ಟೆ, ಮುಲಾಮು ಇಟ್ಟಿರುತ್ತೇನೆ. ಉಪ್ಪಿನ ಮೇಜಿನಲ್ಲಿ ಎಲ್ಲರ ಕೈಗೂ ಗ್ಲೌಸು. ಎಷ್ಟು ಉಪ್ಪು ಎನ್ನುವುದಕ್ಕೆ ಒಂದು ಮರದ ಸೌಟು ಇಟ್ಟುಕೊಂಡಿದ್ದೇವೆ. ಹಕ್ಕಿ ಕೆಟ್ಟಿಲ್ಲ. ಮಲಗುವ ಮುಂಚೆ ಪೋವಾನೇ ಡಬ್ಬಿ ಹಿಡಿದು ಒಬ್ಬೊಬ್ಬರ ಹತ್ತಿರ ಬರುತ್ತಾರೆ, "ಕೈ ಚಾಚು" ಎನ್ನುತ್ತಾರೆ. ಆ ಬಾಗಿಲು ಮಾತ್ರ ಇವತ್ತಿಗೂ ಸದ್ದಿಲ್ಲದೆ ತೆರೆಯುತ್ತದೆ. ಅದು ತೆರೆದಾಗಲೆಲ್ಲ ಅವರು ಮುಖ ತಿರುಗಿಸುತ್ತಾರೆ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮದು ಬೇರೆ ಊರು, ಬೇರೆ ಕೆಲಸ ಇರಬಹುದು. ಪಾತ್ರೆ ತಿಕ್ಕುವ ಕೈ, ಸಿಮೆಂಟು ಕಲಸುವ ಕೈ, ಚಳಿಯಲ್ಲಿ ಹಾಲು ಕರೆಯುವ ಕೈ, ಎಲ್ಲ ಕೈಯೂ ಹೀಗೇ ಒಡೆಯುವುದು. ಒಡೆಯುವ ಮುಂಚೆಯೇ ಜಿಡ್ಡು ಕೊಡಿ. ಕೈ ತೊಳೆದಾಗಲೆಲ್ಲ ಒರೆಸಿ ಮುಲಾಮು ಹಚ್ಚಿ, ರಾತ್ರಿ ಹಚ್ಚಿ ಹತ್ತಿಯ ಬಟ್ಟೆ ಸುತ್ತಿಕೊಳ್ಳಿ. ಬಿರುಕಿಗೆ ಉಪ್ಪು, ಸುಣ್ಣ, ಅಂಟು ಏನನ್ನೂ ತುಂಬಬೇಡಿ. ಹಚ್ಚುತ್ತಿದ್ದರೂ ಮಾಯದಿದ್ದರೆ ಆರೋಗ್ಯ ಕೇಂದ್ರಕ್ಕೆ ತೋರಿಸಿ. ಊತ, ಕೀವು, ಜ್ವರ, ಮೇಲಕ್ಕೆ ಹತ್ತುವ ಕೆಂಪು ಕಂಡರೆ ಅವತ್ತೇ ಹೋಗಿ. ಸಕ್ಕರೆ ಕಾಯಿಲೆ ಇರುವವರಂತೂ ಸಣ್ಣ ಸೀಳನ್ನೂ ತೋರಿಸಲಿ. ಇವತ್ತು ಊಟ ಬಡಿಸುವಾಗ ನಿಮ್ಮ ಮನೆಯವರ ಕೈ ಹಿಡಿದು ನೋಡಿ. ಅವರಾಗಿಯೇ ಹೇಳುವುದಿಲ್ಲ. ಕೇಳಬೇಕು.

ಮೊನ್ನೆ ಗಾಳಿ ನಿಂತಿತ್ತು. ಪೋವಾ ರೀಪೆಕಾಳನ್ನು ಕಾಡಿಗೆ ಕರೆದೊಯ್ದರು. ನಾನು ಚೀಲ ಹಿಡಿದು ಹಿಂದೆ ಹೋದೆ. ಅವರು ಗ್ಲೌಸು ಹಾಕಿಕೊಂಡಿದ್ದರು. ಅದರ ಖಾಲಿ ಬೆರಳನ್ನು ನಾನೇ ಮಡಚಿ ಹೊಲಿದುಕೊಟ್ಟಿದ್ದೆ. ಒಂದು ಬಿಲದ ಮುಂದೆ ಇಬ್ಬರೂ ಬೋರಲು ಮಲಗಿದರು. ಪೋವಾ ಬಲಗೈ ಒಳಗೆ ಚಾಚಿದರು. ಮಗು ತನ್ನ ಕೈಯನ್ನು ಅದರ ಮೇಲಿಟ್ಟು ಜೊತೆಗೆ ಚಾಚಿತು. ಮೊದಲೆಲ್ಲ ಅವರಿಗೆ ಒಂದು ಗಳಿಗೆ ಸಾಕಾಗುತ್ತಿತ್ತು. ಈಗ ಕೆನ್ನೆಯನ್ನು ಮಣ್ಣಿಗೆ ಒತ್ತಿ, ಕಣ್ಣು ಮುಚ್ಚಿ, ಬಹಳ ಹೊತ್ತು ತಡವಿದರು.

"ಬೇರೋ ಮರಿಯೋ ತಿಳೀತಾ ಇಲ್ಲ ಮಗಾ," ಎಂದರು. ಕೈ ಹೊರಗೆಳೆದುಕೊಂಡು ಎದ್ದು ಕೂತು, ಹಳೆಯ ಅಭ್ಯಾಸದಂತೆ ಅದನ್ನು ತೋಳಿನೊಳಗೆ ಸೇರಿಸಿದರು.

ರೀಪೆಕಾ ಬಿಲದ ಕಡೆ ನೋಡಲಿಲ್ಲ. ಆ ತೋಳಿನೊಳಗೆ ತನ್ನ ಕೈ ಹಾಕಿ ಅವರ ಕೈಯನ್ನು ಹುಡುಕಿ ಹೊರಗೆ ತಂದಳು. ಗ್ಲೌಸು ಕಳಚಿದಳು. ಬೆರಳಿಲ್ಲದ ಜಾಗವನ್ನು ತನ್ನ ಅಂಗೈಯಲ್ಲಿ ಮುಚ್ಚಿದಳು. ನನ್ನ ಕಡೆ ಒಮ್ಮೆ ನೋಡಿದಳು. ನಾನು ತಡೆಯಲಿಲ್ಲ.

"ಪೋವಾ," ಎಂದಳು, "ನಿಂಗೆ ನೋಯ್ತಾ ಇದೆಯಾ?"