ಮಗ್ಗುಲ ಮುಳ್ಳು

ಸೆಟೆದ ಕೈಯನ್ನು ಅಂಗಿಯ ತೋಳಿನೊಳಗೆ ತೂರಿಸಲಾಗದೆ ಆಯಾ ಒದ್ದಾಡುತ್ತಿದ್ದಳು. ಊರಿನ ಅರ್ಧ ಮಕ್ಕಳಿಗೆ ಶಾಲೆಯ ಅಂಗಿ ಹೊಲಿದ ಟೈಲರಮ್ಮನಿಗೆ ಕೊನೆಯ ಅಂಗಿ ತೊಡಿಸುವುದೇ ಇಷ್ಟು ಕಷ್ಟವಾಗಬೇಕೆ!

"ಹಿಂದುಗಡೆ ಕತ್ತರಿಸಿಬಿಡೋಣ," ಎಂದಳು ನರ್ಸಮ್ಮ.

"ಅಯ್ಯೋ, ಹೊಲಿಗೆ ಕೆಡಿಸಿದ್ರೆ ಎದ್ದು ಬೈತಾರೆ."

ಬಾಗಿಲಲ್ಲಿ ನಿಂತಿದ್ದ ಟೈಲರಮ್ಮನ ತಂಗಿ ನಗಲಿಲ್ಲ. "ನನ್ನನ್ನ ಬೈಯೋಕೂ ಏಳಲ್ಲ ಬಿಡು. ಇಷ್ಟು ವರ್ಷದ ಜಗಳ ನುಂಗ್ಕೊಂಡು ನಿನ್ನೆ ಬಂದ್ರೆ, ಗೋಡೆ ಕಡೆ ಮುಖ ಮಾಡಿ ಮಲಗಿದ್ಳು. ಅಕ್ಕಾ ಅಂದೆ. ಅಕ್ಕಯ್ಯಾ ಅಂದೆ. ಊಹೂಂ. ಸಂಜೆ ಹೋಗೇಬಿಟ್ಳು. ಬೆನ್ನು ತೋರಿಸೇ ಹೋದ್ಳು."

ಹೇಗೋ ತೋಳು ತೂರಿಸಿ ಗುಂಡಿ ಹಾಕುತ್ತಿದ್ದ ಆಯಾಳ ಬೆರಳುಗಳು ನಿಂತವು.

*

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಹಾಸಿಗೆ ಹುಣ್ಣಾಗುತ್ತದೆ. ವೃದ್ಧಾಶ್ರಮದ ನಿಯಮ ಅದು. ತಾನಾಗಿ ಹೊರಳಲಾರದ ಟೈಲರಮ್ಮ, ಆಯಾ ತಿರುಗಿಸಲು ಬಂದಾಗಲೆಲ್ಲ "ಬಂದ್ಯೇನೇ ಮಗ್ಗುಲ ಮುಳ್ಳೇ" ಎನ್ನುತ್ತಿದ್ದಳು. ನಿನ್ನೆ ಮಧ್ಯಾಹ್ನ ಮಾತ್ರ ಬೈಯಲಿಲ್ಲ, ಬೇಡಿದಳು.

"ಇವತ್ತೊಂದಿನ ಬಿಡೇ. ತಂಗಿ ಬರ್ತಾಳಂತೆ. ಬಾಗಿಲ ಕಡೆಗೇ ಇರ್ತೀನಿ."

"ಬಂದಾಗ ತಿರುಗಿಸ್ತೀನಮ್ಮ. ಸೊಂಟ ಕೆಂಪಾಗಿದೆ."

ತಿರುಗಿಸಿದಳು. ಬೆನ್ನಿಗೆ ದಿಂಬು ಒತ್ತಿದಳು. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಯಾರೋ ಬಿದ್ದ ಸದ್ದಾಯಿತು, ಓಡಿದಳು. ಅತ್ತ ಹೋದವಳು ಇತ್ತ ಬರುವಷ್ಟರಲ್ಲಿ ತಂಗಿ ಬಂದು ಹೋಗಿಯಾಗಿತ್ತು. ಟೈಲರಮ್ಮನಿಗೆ ಗಾಢ ನಿದ್ದೆ. ಆ ನಿದ್ದೆ ಮತ್ತೆ ತಿಳಿಯಲೇ ಇಲ್ಲ.

*

ಹೇಳಿದರೆ ಬದುಕಿರುವವಳ ಶಾಪ. ಹೇಳದಿದ್ದರೆ ಸತ್ತವಳ ಮೇಲೆ ಅಪವಾದ. ಆಯಾ ಗುಂಡಿ ಬಿಟ್ಟು ತಂಗಿಯ ಕಡೆ ತಿರುಗಿದಳು.

"ಅವರು ತಿರುಗಲಿಲ್ಲಮ್ಮ. ಅವರ ಕೈಲಿ ಆಗ್ತಾನೇ ಇರಲಿಲ್ಲ. ನಾನು ತಿರುಗಿಸಿದ್ದು. ನೀವು ಬರ್ತೀರಂತ ಬಾಗಿಲ ಕಡೆಗೇ ಇರ್ತೀನಿ ಅಂದ್ರು. ನಾನು ಕೇಳಲಿಲ್ಲ."

ತಂಗಿ ಬಾಗಿಲು ಬಿಟ್ಟು ಒಳಗೆ ಬಂದಳು. "ನಾನು ಬರ್ತೀನಂತ... ಹಾಗಂದ್ಳಾ?"

"ನಿಯಮ ಇತ್ತಮ್ಮ," ಎಂದು ನರ್ಸಮ್ಮ ನಡುವೆ ಬಂದಳು. "ನೋಡಿ, ಒಂದೇ ಒಂದು ಹುಣ್ಣಿಲ್ಲ ಮೈಮೇಲೆ."

"ಹುಣ್ಣೆಲ್ಲ ನನಗೇ ಬಿಟ್ಟು ಹೋದ್ಳಲ್ಲ!"

ಶವಪೆಟ್ಟಿಗೆಯವರು ಬಂದು, ದೇಹವನ್ನು ಪೆಟ್ಟಿಗೆಯಲ್ಲಿ ಅಂಗಾತ ಮಲಗಿಸಿ, ಮುಚ್ಚಲೆಂದು ಮುಚ್ಚಳ ಎತ್ತಿದರು.

"ತಡೀರಿ." ತಂಗಿ ಆಯಾಳ ಮುಖ ನೋಡದೆಯೇ ಹೇಳಿದಳು, "ತಿರುಗಿಸು."

"ಅಮ್ಮಾ?"

"ನಿನಗೆ ಬರುತ್ತಲ್ಲ. ಈ ಕಡೆ ತಿರುಗಿಸು."

ಆಯಾ ಒಂದು ಕೈಯನ್ನು ಭುಜಕ್ಕೆ, ಇನ್ನೊಂದನ್ನು ಸೊಂಟಕ್ಕೆ ಕೊಟ್ಟು, ನೋವಾದೀತೆಂಬಂತೆ ಮೆಲ್ಲಗೆ ಹೊರಳಿಸಿದಳು. ತಂಗಿ ಸೆರಗು ಅವಚಿಕೊಂಡು ನೆಲಕ್ಕೆ ಮಂಡಿಯೂರಿ, ತನ್ನ ಮುಖವನ್ನು ಪೆಟ್ಟಿಗೆಯ ಅಂಚಿನ ಮಟ್ಟಕ್ಕೆ ತಂದಳು. ಮುಚ್ಚಳ ಹಿಡಿದವರು ಹಿಡಿದೇ ನಿಂತರು.