ಎಡತಿರುವಿನ ಕೆಂಪು ದೀಪ

ಎಲ್ಲ ಮೆಕ್ಯಾನಿಕ್ಕರೂ ಓಡುವ ಇಂಜಿನ್ನಿಗೆ ಕಿವಿಗೊಟ್ಟರೆ, ನನ್ನ ದೊಡ್ಡ ಸೋದರಮಾವ ನಿಂತ ಇಂಜಿನ್ನಿಗೆ ಕಿವಿಗೊಡುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಮರದ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ, ಕಣ್ಣು ಮುಚ್ಚಿ ನಿಂತರೆಂದರೆ, ಒಳಗೆ ಮೇಲಿನಿಂದ ಇಳಿಯುವ ಎಣ್ಣೆಯ ಕೊನೆಯ ಹನಿ ತಳ ಸೇರುವವರೆಗೆ ಅವರ ಗ್ಯಾರೇಜಿನ ಶೆಡ್ಡಿನಲ್ಲಿ ಯಾರೂ ತುಟಿಪಿಟಿಕ್ಕೆನ್ನುವಂತಿರಲಿಲ್ಲ. “ಎಣ್ಣೆ ಇಳೀಲಿ, ಆಮೇಲೆ ಮಾತು” ಎನ್ನುವರು. ಸತ್ತಂತೆ ಬಿದ್ದಿರುವ ಯಂತ್ರದ ಮಾತನ್ನು ಹಾಗೆ ತದೇಕಚಿತ್ತದಿಂದ ಆಲಿಸುವ ಮನುಷ್ಯನನ್ನು ಮೊದಲ ಸಲ ಕಂಡವರಿಗೆ ಬೆನ್ನಹುರಿಯಲ್ಲಿ ಸಣ್ಣಗೆ ಚಳಿ ಹತ್ತುತ್ತಿತ್ತು. ಗಟ್ಟಿ ಗುಂಡಿಗೆಯ ಗಿರಾಕಿಯೊಬ್ಬ “ಏನಂತೆ?” ಎಂದು ಕೇಳಿದಾಗ, “ಎಣ್ಣೆ ಬದಲಾಯಿಸಿದ್ದೀನಿ ಅಂತ ನೀವು ಬಿಟ್ಟಿರೋದು ಬರೀ ಬುರುಡೆಯಂತೆ” ಎಂದಿದ್ದರು.

ರೋಗಿ ಮಲಗಿರುವ ಕೋಣೆಗೆ ಕಾಲಿಡುವವರ ನಡಿಗೆ ಅವರದು. ಹೆಜ್ಜೆಯ ಸಪ್ಪಳವೇ ಇಲ್ಲ, ತಿರುಗಿ ನೋಡಿದರೆ ಬೆನ್ನ ಹಿಂದೆ ನಿಂತಿರುತ್ತಿದ್ದರು. ಬೇಸಗೆಯಲ್ಲೂ ಕತ್ತಿನವರೆಗೆ ಗುಂಡಿ ಹಾಕಿದ ಬೂದುಬಣ್ಣದ ನೀಳ ಕೋಟು. ಎಣ್ಣೆ ಕುಡಿದು ಕುಡಿದು ದಪ್ಪಗಟ್ಟಿದ್ದ ಆ ಕೋಟು ಗೂಟಕ್ಕೆ ನೇತುಹಾಕಿದರೂ ಅವರ ಭುಜದ ಇಳಿಜಾರನ್ನಾಗಲಿ ಮೊಣಕೈಯ ಬಾಗನ್ನಾಗಲಿ ಬಿಡುತ್ತಿರಲಿಲ್ಲ. ನಾನೇ ಒಂದು ಸಂಜೆಯ ಮಬ್ಬಿನಲ್ಲಿ ಆ ಕೋಟಿನ ಕ್ಷೇಮಸಮಾಚಾರ ವಿಚಾರಿಸಿ, ಉತ್ತರ ಬಾರದೆ ಮುನಿಸಿಕೊಂಡು ಹೊರಬಂದದ್ದುಂಟು.

ಅವರ ತಮ್ಮ, ನನ್ನ ಚಿಕ್ಕಮಾವ, ಅಣ್ಣನಿಗೆ ತದ್ವಿರುದ್ಧ. ಸದಾ ಸಿಳ್ಳೆ, ಸದಾ ಅವಸರ, ಇದ್ದ ಕಾರು ಇದ್ದ ಹಾಗೆ ಇರಬಾರದೆಂಬ ಹಟ. ಪುಟ್ಟ ಕಾರೊಂದರ ಹೊಟ್ಟೆಗೆ ದೊಡ್ಡ ಕಾರಿನ ಇಂಜಿನ್ನನ್ನು ತುರುಕಿದ್ದು ಅವನ ಕೊನೆಯ ಸಾಹಸ. ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿಯನ್ನು ಗ್ಯಾರೇಜಿನವರು ಚೇಂಬರ್ ಎನ್ನುತ್ತಾರೆ. ಅದು ಕೆಳಗೆ ತಾಗುತ್ತದೆಂದು ಅದನ್ನೇ ಕತ್ತರಿಸಿ, ಗಿಡ್ಡ ಮಾಡಿ ಬೆಸುಗೆ ಹಾಕಿದ. “ಎಣ್ಣೆಗೆ ನಿಲ್ಲೋಕೆ ಜಾಗ ಬೇಡ್ವೇನೋ?” ಎಂದರು ಅಣ್ಣ. “ನಿನಗೆ ವಯಸ್ಸಾಯ್ತು ಕಣಣ್ಣ” ಎಂದ ತಮ್ಮ. ಅಲ್ಲಿಗೆ ಅಣ್ಣತಮ್ಮಂದಿರ ಮಾತು ನಿಂತಿತು. ಅದು ಮತ್ತೆ ಶುರುವಾಗುವ ಮೊದಲೇ ಚಿಕ್ಕಮಾವ ಕಾಯಿಲೆ ಬಿದ್ದು, ಆಸ್ಪತ್ರೆ ಸೇರಿ, ಅಲ್ಲೇ ತೀರಿಕೊಂಡ.

ಕಾರು ಅವನ ಮಗಳ ಪಾಲಿಗೆ ಬಂತು. ಊರೆಲ್ಲ ಸುತ್ತಿದರೂ ಏನೂ ಇಲ್ಲ. ಆ ಆಸ್ಪತ್ರೆಯ ಗೋಡೆಯನ್ನು ಬಳಸಿಕೊಂಡು ಹೋಗುವ ದೊಡ್ಡ ಎಡತಿರುವಿನಲ್ಲಿ ಮಾತ್ರ, ಎಣ್ಣೆಯ ಒತ್ತಡ ಕುಸಿದರೆ ಎಚ್ಚರಿಸುವ ಕೆಂಪು ದೀಪ ಸ್ಟಿಯರಿಂಗಿನ ಮುಂದೆ ಹತ್ತುತ್ತಿತ್ತು, ತಿರುವು ಮುಗಿದೊಡನೆ ಆರುತ್ತಿತ್ತು. ತಾಯಿ ಮಗಳಿಬ್ಬರೂ ಶೆಡ್ಡಿಗೆ ಬಂದರು.

“ಭಾವ, ಅದನ್ನ ಗುಜರಿಗೆ ಹಾಕಿಬಿಡಿ. ಇವಳು ಓಡಿಸೋದು ಅವರಿಗೆ ಇಷ್ಟವಿಲ್ಲ. ಅಲ್ಲೇ ನಿಂತು ಕರೀತಿದ್ದಾರೆ” ಎಂದರು ಅತ್ತೆ, ಮಗಳ ತೋಳನ್ನು ಬಿಡದೆ.

“ಅಪ್ಪಂದು ಅಂತ ನನಗೆ ಉಳಿದಿರೋದು ಅದೊಂದೇ, ದೊಡ್ಡಪ್ಪ” ಎಂದಳು ಹುಡುಗಿ. “ಆದರೆ ಅಲ್ಲಿ ಮಾತ್ರ ಯಾಕೆ ಹತ್ತುತ್ತೆ?”

ಮಾವ ನಗಲಿಲ್ಲ. ದೀಪವನ್ನಷ್ಟೇ ನಂಬದೆ, ಎಣ್ಣೆಯ ಒತ್ತಡ ತೋರಿಸುವ ಸೂಜಿಯ ಮೀಟರೊಂದನ್ನು ಕೂರಿಸಿ, ನಮ್ಮೆಲ್ಲರನ್ನೂ ಹತ್ತಿಸಿಕೊಂಡು ಹೊರಟರು. ಹಾಡಹಗಲು. ಆದರೂ ಗೋಡೆ ಶುರುವಾದಾಗ ಅತ್ತೆ ಮಗಳ ತೋಳನ್ನು ಮತ್ತೆ ಹಿಡಿದುಕೊಂಡರು. ತಿರುವಿನ ನಡುವೆ ಸೂಜಿ ಸೊರಗಿ ಕೆಳಕ್ಕೆ ಬಿತ್ತು, ದೀಪ ಹತ್ತಿತು, ನಮ್ಮ ಕಾಲಡಿಯಿಂದ ಟಕ್ ಟಕ್ ಎಂದು, ಮುಚ್ಚಿದ ಬಾಗಿಲನ್ನು ಒಳಗಿನಿಂದ ಬೆರಳ ಗೆಣ್ಣಿನಲ್ಲಿ ಬಡಿದಂಥ ಸದ್ದು ಕೇಳಿತು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನನಗೂ ಜೀವ ಬಾಯಿಗೆ ಬಂದಿತ್ತು, ಸುಳ್ಳೇಕೆ ಹೇಳಲಿ.

ಮಾವ ಗಾಡಿ ತಿರುಗಿಸಿ ಅದೇ ದಾರಿಯಲ್ಲಿ ವಾಪಸು ಬಂದರು. ಈಗ ಅದು ಬಲತಿರುವು. ದೀಪ ಹತ್ತಲಿಲ್ಲ.

“ಗೋಡೆ ಅದೇ, ಗೇಟೂ ಅದೇ. ಕರೆಯೋನು ಈ ಸಲ ಯಾಕಮ್ಮ ಸುಮ್ಮನಿದ್ದ?” ಎಂದರು ಅತ್ತೆಗೆ.

ಶೆಡ್ಡಿಗೆ ಬಂದು ಎಣ್ಣೆ ಇಳಿಸಿ ಚೇಂಬರ್ ಬಿಚ್ಚಿದರು. ಎಣ್ಣೆಯನ್ನು ಮೇಲಕ್ಕೆ ಹೀರುವ ಕೊಳವೆಯ ಬಾಯಿಗೊಂದು ಜಾಲರಿ ಇರುತ್ತದೆ. ಅದರ ಬಲ ಅರ್ಧವನ್ನು ಗಟ್ಟಿಯಾದ ಪೇಸ್ಟಿನ ಹಕ್ಕಳೆಯೊಂದು ಮುಚ್ಚಿಕೊಂಡಿತ್ತು. ಎಡಕ್ಕೆ ಉದ್ದನೆಯ ತಿರುವು ತೆಗೆದುಕೊಂಡರೆ ಗಿಡ್ಡ ತೊಟ್ಟಿಯ ಎಣ್ಣೆಯೆಲ್ಲ ಬಲಕ್ಕೆ ಹರಿಯುತ್ತದೆ. ಅಲ್ಲಿ ಜಾಲರಿ ಮುಚ್ಚಿದೆ, ತೆರೆದಿರುವ ಎಡ ಅರ್ಧ ಬರೀ ಗಾಳಿ ಹೀರುತ್ತದೆ, ಎಣ್ಣೆ ಸಿಗದ ಇಂಜಿನ್ನು ಟಕ್ ಟಕ್ ಎಂದು ಬಡಿದುಕೊಳ್ಳುತ್ತದೆ. ಊರಿನಲ್ಲಿ ಅಷ್ಟು ಉದ್ದದ ಎಡತಿರುವು ಬೇರೊಂದಿರಲಿಲ್ಲ, ಅಷ್ಟೇ. ಎಣ್ಣೆ ಸೋರದಿರಲೆಂದು ಚೇಂಬರಿನ ಅಂಚಿಗೆ ಈ ಪೇಸ್ಟನ್ನು ಕೂದಲೆಳೆಯಷ್ಟು ತೆಳ್ಳಗೆ ಹಚ್ಚಬೇಕು. ಹೆಚ್ಚಾದದ್ದು ಒಳಕ್ಕೆ ಉಬ್ಬಿ, ಒಣಗಿ, ಎಂದೋ ಒಂದು ದಿನ ಕಳಚಿ ಬೀಳುತ್ತದೆ. ಅಣ್ಣ ಕುಂಚದಿಂದ ಹಚ್ಚುವವರು. ತಮ್ಮ ಬರಿಗೈಯ ಹೆಬ್ಬೆರಳಿನಿಂದ ಬಳಿಯುವವನು.

ಮಾವ ಆ ಹಕ್ಕಳೆಯನ್ನು ಅಂಗೈ ಮೇಲಿಟ್ಟು ಬೆಳಕಿಗೆ ಹಿಡಿದರು. ಅದರ ಮೇಲೆ ಹೆಬ್ಬೆರಳಿನ ಗುರುತು ಅಚ್ಚೊತ್ತಿದಂತೆ ಮೂಡಿತ್ತು. ಸುಳಿಸುಳಿಯಾದ ಗೆರೆಗಳು, ಅವುಗಳ ಅಡ್ಡಕ್ಕೆ, ಹಿಂದೊಮ್ಮೆ ಗರಗಸ ಕೊಯ್ದಿದ್ದ ಗಾಯದ ನೇರ ಕಲೆ. ಮನುಷ್ಯ ಮಣ್ಣಾಗಿದ್ದ, ಬೆರಳು ಮಾತ್ರ ಎಣ್ಣೆಯಲ್ಲಿ ನೆನೆಯುತ್ತ ಅಲ್ಲೇ ಇತ್ತು.

“ಅಪ್ಪಂದು” ಎಂದಳು ಹುಡುಗಿ, ಬಹಳ ಸಣ್ಣ ದನಿಯಲ್ಲಿ.

“ಹೂಂ. ಅಲ್ಲೇ ಇದ್ದ. ನಿಮ್ಮಮ್ಮ ಹೇಳಿದ್ದು ಪೂರ್ತಿ ಸುಳ್ಳಲ್ಲ” ಎಂದು ಮಾವ ಅದನ್ನು ಅವಳ ಕೈಗಿಟ್ಟರು.

ಮರುದಿನ ಜಾಲರಿ ತೊಳೆದು, ಎಣ್ಣೆ ಹರಿದೋಡದಂತೆ ಚೇಂಬರಿನಲ್ಲಿ ಅಡ್ಡ ತಗಡುಗಳನ್ನು ಬೆಸೆದು, ಕುಂಚದಿಂದ ತೆಳ್ಳಗೆ ಪೇಸ್ಟ್ ಹಚ್ಚಿ ಮುಚ್ಚಿದರು. ಪರೀಕ್ಷಿಸಲು ಒಬ್ಬರೇ ಹೋದರು. ಹೋದವರು ಬೇಗ ಬರಲಿಲ್ಲ. ಅತ್ತೆ ರಸ್ತೆಗೂ ಬಾಗಿಲಿಗೂ ಅಲೆದು ಸುಸ್ತಾದರು. ಕೊನೆಗೆ ಮಾವ ಬಂದು, ಕೀಲಿಯನ್ನು ಹುಡುಗಿಯ ಕೈಗೆ ಕೊಟ್ಟು, “ಓಡಿಸು ಮಗಳೇ, ಇನ್ನು ಭಯವಿಲ್ಲ. ಸೂಜಿ ಅಲುಗಲ್ಲ” ಎಂದರು. ತಾಯಿ ಮಗಳು ಕಣ್ಣೊರೆಸಿಕೊಳ್ಳುತ್ತ, ನಗುತ್ತ ಹೊರಟುಹೋದರು.

“ಇಷ್ಟು ಹೊತ್ತು ಏನು ಮಾಡ್ತಿದ್ರಿ, ಮಾವ?” ಎಂದೆ.

ಅವರು ಕೋಟು ಬಿಚ್ಚಿ ಗೂಟಕ್ಕೆ ನೇತುಹಾಕಿದರು. “ಆ ತಿರುವಲ್ಲೇ ಸುತ್ತಿ ಸುತ್ತಿ ಓಡಿಸ್ದೆ ಕಣೋ” ಎಂದರು. “ದೀಪ ಒಂದ್ಸಲ ಹತ್ತಲಿ ಅಂತ.”

ಎಲ್ಲಕ್ಕೂ ಕಾರಣ ಹುಡುಕುವ ಇಂಥವರನ್ನು ನಾವು ಕಲ್ಲುಮನಸ್ಸಿನವರೆಂದು ತಿಳಿಯುತ್ತೇವೆ. ನಮ್ಮ ಭಯವನ್ನು ಅವರ ಮುಂದೆ ಸುರಿದು, ಕಾರಣ ತಿಳಿದುಕೊಂಡು, ಹಗುರಾಗಿ ಮನೆಗೆ ಹೋಗಿ ನಿದ್ದೆ ಮಾಡುತ್ತೇವೆ. ಸತ್ತವರು ನಮ್ಮನ್ನು ಕರೆಯುತ್ತಿದ್ದಾರೆಂದು ನಂಬುವ ಸುಖ ನಮಗಾದರೂ ಸ್ವಲ್ಪ ದಿನ ಇರುತ್ತದೆ. ಆ ದನಿಯನ್ನು ತಮ್ಮ ಕೈಯಾರೆ ರಿಪೇರಿ ಮಾಡಿ ನಿಲ್ಲಿಸಬೇಕಾದವರು ಅವರು.